ವಾರದ ಮನೆಯ ಟೀಚರಮ್ಮ

ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆ ಬಿಟ್ಟು ಏಳಬಾರದು. ಅರ್ಜೆಲಾ ಮಿಮ್ಸ್ ಈ ಪಾಠವನ್ನು ಗಂಡನಿಂದ ಕಲಿತಿದ್ದಳು. ಅವನು ತೀರಿಕೊಂಡು ಆಲೆಮನೆ ತನ್ನ ಕೈಗೆ ಬಂದ ಮೇಲೂ ಅದನ್ನು ಪಾಲಿಸಿಕೊಂಡು ಬಂದಿದ್ದಳು. ಹಾಗಾಗಿ ನವೆಂಬರಿನ ಆ ಸಂಜೆ, ಹಬೆಯ ಆಚೆಗೆ, ಬೇಲಿಯ ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿರುವುದು ಕಂಡಾಗ ಅವಳು ಕೂತಲ್ಲಿಂದಲೇ ಕೂಗಿದಳು.

"ಬನ್ನಿ ಟೀಚರಮ್ಮ, ಒಳಗೆ ಬನ್ನಿ! ನಾಳೆ ಕರ್ಕೊಂಡು ಬರ್ತೀನಿ ಅಂದಿದ್ದ ಈನಕ್, ಇವತ್ತೇ ಬಂದ್ಬಿಟ್ರಾ? ಬೆಂಕಿ ಹತ್ರ ಕೂತ್ಕೊಳ್ಳಿ. ನಂಗೆ ಕೈ ಬಿಡುವಿಲ್ಲ."

ಹೆಂಗಸು ಅಲುಗಲಿಲ್ಲ. ಬೂದು ಬಣ್ಣದ ಉದ್ದನೆಯ ಕೋಟು, ಕೈಯಲ್ಲೊಂದು ಚೀಲ. ಮುಖ ಮಾತ್ರ ಹಬೆಯಲ್ಲಿ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಗಾಣದ ಕಿರುಗುಟ್ಟುವ ಸದ್ದು ನಿಂತಿತು. ಬೆಳಗಿನಿಂದ ಸುತ್ತುತ್ತಿದ್ದ ಹೇಸರಗತ್ತೆ ಅರ್ಧ ಸುತ್ತಿನಲ್ಲೇ ನಿಂತು, ಕಿವಿ ಹಿಂದಕ್ಕೆ ಮಡಚಿ, ಬೇಲಿಯ ಕಡೆಗೇ ನೋಡುತ್ತಿತ್ತು. ಹೊಳೆಯ ಕಡೆಯಿಂದ ಒಂದು ಗಾಳಿ ಬೀಸಿತು. ಹಬೆ ಸರಿಯಿತು. ಬೇಲಿಯ ಬಳಿ ಯಾರೂ ಇರಲಿಲ್ಲ.

ಅರ್ಜೆಲಾ ತಲೆ ತಗ್ಗಿಸಿ, ಜಾಲರಿ ಸೌಟಿನಿಂದ ನೊರೆ ತೆಗೆಯತೊಡಗಿದಳು. ಬಂದವಳು ಯಾರೆಂದು ಅವಳಿಗೆ ಗೊತ್ತಾಗಿತ್ತು. ಬ್ಯೂಲಾದಲ್ಲಿ ಅದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ.

ಬ್ಯೂಲಾ ಎಂದರೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹೊಳೆಯ ತಿರುವಿನಲ್ಲಿದ್ದ ಒಂದು ಹಿಡಿಯಷ್ಟು ಮನೆಗಳು, ಒಂದು ಚರ್ಚು, ಚರ್ಚಿನ ಪಕ್ಕದಲ್ಲಿ ಒಂದೇ ಕೋಣೆಯ ಶಾಲೆ. ಅಜ್ಜಂದಿರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದು ಕೊಂಡ ನೆಲ ಅದು. ಊರಲ್ಲಿ ಬಿಳಿಯನೊಬ್ಬನೂ ಇರಲಿಲ್ಲ. ಶಾಲೆಯನ್ನೂ ಊರವರೇ ಮರ ಕಡಿದು ಕಟ್ಟಿದ್ದರು. ಕೌಂಟಿಯವರು, ಅಂದರೆ ಜಿಲ್ಲೆಯ ಬಿಳಿಯ ಅಧಿಕಾರಿಗಳು, ಕೊಡುತ್ತಿದ್ದುದು ಬಿಳಿಯ ಮಕ್ಕಳು ಹರಿದು ಬಿಟ್ಟ ಪುಸ್ತಕ, ಮತ್ತೆ ಟೀಚರಿಗೆ ಹೆಸರಿಗೊಂದು ಸಂಬಳ. ಆ ಸಂಬಳದಲ್ಲಿ ಬಾಡಿಗೆ ಕೊಟ್ಟು ಬದುಕುವುದು ಆಗದ ಮಾತು. ಆದ್ದರಿಂದ ಟೀಚರಮ್ಮ ವಾರಕ್ಕೊಂದು ಮನೆಯಲ್ಲಿ ಉಂಡು ಮಲಗುವ ಪದ್ಧತಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚೀಲ ಎತ್ತಿಕೊಂಡು ಮುಂದಿನ ಮನೆಗೆ ಹೋಗಬೇಕು.

ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಲುವೀನಿಯಾ ಬ್ರಾಸ್‌ವೆಲ್ ಎಂಬಾಕೆ ಅಲ್ಲಿ ಟೀಚರಾಗಿದ್ದಳು. ಮಾತು ಕಡಿಮೆ, ಊಟ ಕಡಿಮೆ, ಯಾರ ಮನೆಗೂ ಭಾರವಾಗಬಾರದು ಎನ್ನುವ ಜೀವ. ಆ ವರ್ಷವೇ ಜ್ವರ ಬಂತು. ಮನೆಮನೆಯಲ್ಲೂ ಹಾಸಿಗೆ ಹಿಡಿದವರು, ಬಾಗಿಲು ಮುಚ್ಚಿದವರು. ಶಾಲೆ ನಿಂತಿತು. ಟೀಚರಮ್ಮ ಎಲ್ಲಿ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೇಳಿದವರಿಗೂ ಉತ್ತರ ಸಿದ್ಧವಾಗಿತ್ತು. ಅರ್ಜೆಲಾ, ಪರ್ಲೀ ಗ್ಯಾಂಟ್‌ಳ ಮನೆಯಲ್ಲಿದ್ದಾಳೆ ಅಂದುಕೊಂಡಳು. ಪರ್ಲೀ, ಟಾಲಿವರ್‌ಗಳ ಮನೆಯಲ್ಲಿ ಅಂದುಕೊಂಡಳು. ಟಾಲಿವರ್‌ಗಳು, ಅರ್ಜೆಲಾಳ ಮನೆಯಲ್ಲಿ ಅಂದುಕೊಂಡರು. ಜ್ವರ ಇಳಿದು ಶಾಲೆಯ ಬಾಗಿಲು ತೆಗೆದಾಗ ಲುವೀನಿಯಾ ಬೆಂಚಿನ ಮೇಲೆ ಕೂತಿದ್ದಳು. ಕೋಟು ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಕರೆದರೆ ಈಗಲೇ ಎದ್ದು ಬರುವವಳಂತೆ. ಸತ್ತು ಎಷ್ಟು ದಿನವಾಗಿತ್ತೋ ಯಾರಿಗೂ ತಿಳಿಯಲಿಲ್ಲ.

ಆ ವಾರ ಯಾರ ಮನೆಯ ಸರದಿ ಎಂಬುದು ಮುಂದೆಯೂ ಇತ್ಯರ್ಥವಾಗಲಿಲ್ಲ. ಜಗಳ ಆಡಿ ಆಡಿ ಸುಸ್ತಾಗಿ ಬಿಟ್ಟುಬಿಟ್ಟರು.

ಆಮೇಲೆ ಶುರುವಾಯಿತು. ಯಾವ ಮನೆಯಲ್ಲಿ ಹೊಸ ಟೀಚರಮ್ಮನಿಗೆಂದು ಹಾಸಿಗೆ ಹಾಸಿದರೂ ಅವಳಿಗಿಂತ ಒಂದು ದಿನ ಮೊದಲೇ ಬಾಗಿಲು ತಟ್ಟಿದ ಸದ್ದಾಗುತ್ತಿತ್ತು. ತೆರೆದರೆ ಯಾರೂ ಇಲ್ಲ. ಮಾರನೆಯ ದಿನ ಕೌದಿ ಎತ್ತಿದರೆ ಕೆಳಗೆ ಯಾರೋ ಮಲಗಿ ಎದ್ದ ತಗ್ಗು, ದಿಂಬು ತೇವ. ಟಾಲಿವರ್‌ಗಳ ಪುಟ್ಟ ಮಗು ಊಟದ ಹೊತ್ತಿಗೆ, "ಟೀಚರಮ್ಮಂಗೆ ಇನ್ನೂ ಬಡಿಸೇ ಇಲ್ಲ" ಎಂದು ಖಾಲಿ ಕುರ್ಚಿ ತೋರಿಸಿತ್ತು. ಬಂದ ಟೀಚರುಗಳು ಒಬ್ಬರೂ ಚಳಿಗಾಲ ದಾಟಲಿಲ್ಲ. ಒಬ್ಬಾಕೆ ಮಧ್ಯಾಹ್ನ ಪಾಠ ಹೇಳುತ್ತಿದ್ದವಳು ಸೀಮೆಸುಣ್ಣ ಕೆಳಗಿಟ್ಟು, ಯಾರಿಗೂ ಹೇಳದೆ ರೈಲು ನಿಲ್ದಾಣದ ದಾರಿ ಹಿಡಿದಿದ್ದಳು. ಕೌಂಟಿಯ ಶಾಲೆಗಳ ಮೇಲ್ವಿಚಾರಕ ಹೇಳಿ ಕಳಿಸಿದ್ದ: ಈ ಸಲವೂ ಟೀಚರು ಓಡಿಹೋದರೆ ಶಾಲೆಗೆ ಬೀಗ ಹಾಕಿ ಹುಲ್ಲು ತುಂಬಿಸುತ್ತೇನೆ.

ಚರ್ಚಿನ ತಾಯಂದಿರ ಸಂಘಕ್ಕೆ ಹಿರಿಯಳು ಅರ್ಜೆಲಾ. ಊರಿನ ಸತ್ತವರ ಮೈ ತೊಳೆಯುವುದರಿಂದ ಹಿಡಿದು ಮದುವೆಯ ಅಡುಗೆವರೆಗೆ ಅವಳಿಲ್ಲದೆ ನಡೆಯುತ್ತಿರಲಿಲ್ಲ. ಟೀಚರು ಹುಡುಕಿ ತರುವ ಹೊಣೆ ಅವಳದು ಮತ್ತು ಚರ್ಚಿನ ಹಿರಿಯ ಈನಕ್ ಟಾಲಿವರ್‌ನದು.

ಮಾರನೆಯ ದಿನ ಈನಕ್ ಗಾಡಿಯಲ್ಲಿ ಕರೆತಂದ ಹುಡುಗಿಯ ಹೆಸರು ಐಡೆಲ್ ಬೈನಮ್. ಇನ್ನೂ ಇಪ್ಪತ್ತು ದಾಟಿದ್ದಳೋ ಇಲ್ಲವೋ. ಚರ್ಚಿನಲ್ಲಿ ಅವಳನ್ನು ಎಲ್ಲರ ಎದುರು ನಿಲ್ಲಿಸಿದರು.

"ಮೊದಲನೇ ವಾರ ಯಾರ ಮನೇಲಿ?" ಎಂದು ಈನಕ್ ಕೇಳಿದ.

ಜನ ತಮ್ಮತಮ್ಮ ಬೂಟು ನೋಡಿಕೊಂಡರು.

"ನಮ್ಮನೆ ಸೂರು ಸೋರುತ್ತಪ್ಪಾ," ಎಂದಳು ಪರ್ಲೀ ಗ್ಯಾಂಟ್.

"ಹೋದ ವಾರ ಮಳೆ ಬಂದಾಗ ನಮ್ಮನೇಲಿ ಒಂದು ಹನಿ ಬೀಳ್ಲಿಲ್ಲ ಅಂತ ಊರೆಲ್ಲಾ ಸಾರ್ಕೊಂಡು ಬಂದ್ಯಲ್ಲೇ!" ಎಂದಳು ಅರ್ಜೆಲಾ.

"ಆವಾಗಿಂದ ಸೋರ್ತಿದೆ ಜೆಲ್ಲಕ್ಕ. ನಿನ್ನ ಕಣ್ಣು ಬಿದ್ದೇ ತೂತಾಗಿರ್ಬೇಕು."

ಜನ ನಕ್ಕರು. ನಗು ಬೇಗ ನಿಂತಿತು. ಐಡೆಲ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ತನ್ನ ಮೈಯಲ್ಲಿ ಏನು ಕಂಡು ಇವರು ಹೆದರುತ್ತಿದ್ದಾರೆಂದು ತಿಳಿಯದೆ.

"ಸರಿ, ನನ್ನ ಮನೇಲೇ ಇರ್ಲಿ," ಎಂದಳು ಅರ್ಜೆಲಾ. "ಆದ್ರೆ ಸರದಿ ಅಂತ ಒಂದಿದೆ. ನೆನಪಿರ್ಲಿ."

ಒಂದು ವಾರ ಎರಡಾಯಿತು, ಎರಡು ಮೂರಾಯಿತು. ಸರದಿಯ ಮಾತು ಯಾರೂ ಎತ್ತಲಿಲ್ಲ. ಐಡೆಲ್ ಒಳ್ಳೆಯ ಹುಡುಗಿ. ಮೆಕ್ಕೆಜೋಳದ ರೊಟ್ಟಿ, ಸುಟ್ಟ ಗೆಣಸು ಏನು ಕೊಟ್ಟರೂ ಚಪ್ಪರಿಸಿ ತಿನ್ನುತ್ತಿದ್ದಳು. ಮಕ್ಕಳು ಅವಳ ಬೆನ್ನು ಬಿಡುತ್ತಿರಲಿಲ್ಲ. ಅರ್ಜೆಲಾ ಅವಳಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ಹೋಗಿಬಿಡುತ್ತಾಳೆಂಬ ಹೆದರಿಕೆ.

ಒಂದು ಬೆಳಿಗ್ಗೆ ಐಡೆಲ್ ತಾನೇ ಕೇಳಿದಳು. "ಜೆಲ್ಲತ್ತೆ, ದಿನಾ ನನ್ನ ಮುಂದೆ ಶಾಲೆಗೆ ಹೋಗ್ತಾರಲ್ಲ, ಅವರು ಯಾರು?"

ಅರ್ಜೆಲಾಳ ಕೈಯ ಬಾಣಲೆ ಅಲ್ಲೇ ನಿಂತಿತು. "ಯಾರು?"

"ಬೂದು ಕೋಟಿನವರು. ಮಂಜಲ್ಲಿ ಬೆನ್ನು ಮಾತ್ರ ಕಾಣುತ್ತೆ. ನಾನು ಬೇಗ ನಡೆದ್ರೆ ಅವರೂ ಬೇಗ ನಡೀತಾರೆ. ನಾನು ಹೋಗೋ ಹೊತ್ತಿಗೆ ಮಕ್ಕಳೆಲ್ಲ ಎದ್ದು ನಿಂತಿರ್ತಾರೆ. ಯಾರಿಗೆ ಎದ್ದು ನಿಂತ್ರಿ ಅಂದ್ರೆ, ಈಗ ತಾನೇ ಬಂದ್ರಲ್ಲ ಟೀಚರಮ್ಮ ಅಂತಾರೆ. ನನಗೇ ಹೇಳ್ತಿದ್ದಾರೆ ಅಂತ ಸುಮ್ನಾಗ್ತೀನಿ." ಅವಳು ನಗಲು ನೋಡಿದಳು. "ಆದ್ರೆ ಅವರು ನೋಡೋದು ನನ್ನ ಪಕ್ಕಕ್ಕೆ."

"ಹೊಳೆ ಆಚೆ ಕೆಲಸಕ್ಕೆ ಹೋಗೋಳು ಇರ್ಬೇಕು," ಎಂದುಬಿಟ್ಟಳು ಅರ್ಜೆಲಾ.

ಡಿಸೆಂಬರಿನಲ್ಲಿ ಕಬ್ಬು ಅರೆಯುವ ಕೆಲಸ ಕೊನೆಗೆ ಬಂದಿತ್ತು. ಅಂದು ಪರ್ಲೀಯ ಕಬ್ಬು. ಮುಗಿಲು ಕವಿದು, ಹೊಳೆಯ ಮಂಜು ಮಧ್ಯಾಹ್ನವಾದರೂ ಏಳದೆ ನೆಲಕ್ಕಂಟಿಕೊಂಡ ದಿನ. ಐಡೆಲ್ ಹಿಂದಿನ ದಿನದಿಂದ ಕೆಮ್ಮುತ್ತಿದ್ದಳು. ಹೋಗಬೇಡ ಎಂದರೂ ಕೇಳದೆ ಶಾಲೆಗೆ ಹೋಗಿದ್ದಳು. ಕೊಪ್ಪರಿಗೆಯ ಹಾಲು ಪಾಕದ ಹದಕ್ಕೆ ಬರುತ್ತಿರುವಾಗ ಪರ್ಲೀ ತಲೆಗೆ ಬಟ್ಟೆಯನ್ನೂ ಕಟ್ಟದೆ ಓಡಿಬಂದಳು. ಮುಖದ ಬಣ್ಣವೇ ಹೋಗಿತ್ತು.

"ಜೆಲ್ಲಕ್ಕ, ಅವ್ಳು ಬಂದಿದ್ದಾಳೆ. ಹಾಡುಹಗಲಲ್ಲಿ! ನನ್ನ ಬಾಗಿಲು ತಟ್ಟಿದ್ಲು. ಕಿಟಕೀಲಿ ನೋಡ್ದೆ. ಕೋಟು, ಚೀಲ, ಎಲ್ಲಾ. ಅಗುಳಿ ಹಾಕ್ಕೊಂಡು ಮಂಚದ ಕೆಳಗೆ ಸೇರ್ಕೊಂಡೆ."

"ಆಮೇಲೆ?"

"ಟಾಲಿವರ್ ಮನೆ ಕಡೆ ಹೋದ್ಲು. ಅವ್ರೂ ತೆಗೀಲಿಲ್ಲ. ಒಂದೊಂದೇ ಮನೆ ತಟ್ಕೊಂಡು ಬರ್ತಿದ್ದಾಳೆ. ಈ ಸಲ ನನ್ನ ಹೆಸರು ಬೇರೆ ಹಿಡಿದು ಕರೆದ್ಲು, ನಮ್ಮಪ್ಪನಾಣೆ! ಕೆಮ್ಮು ಬೇರೆ..."

"ಕೆಮ್ಮು?" ಎಂದಳು ಅರ್ಜೆಲಾ.

ಪರ್ಲೀ ದಾರಿಯ ಕಡೆ ತಿರುಗಿ ನೋಡಿದಳು.

"ಆ ಸತ್ತವಳು ಇಷ್ಟು ವರ್ಷದಲ್ಲಿ ಎಂದಾದ್ರೂ ಕೆಮ್ಮಿದ್ದುಂಟೇನೇ?"

ಅರ್ಜೆಲಾ ಸೌಟು ಬಿಸಾಡಿ ಎದ್ದಳು. ಕೊಪ್ಪರಿಗೆ ಕುದಿಯುತ್ತಲೇ ಇತ್ತು. ಅವಳು ಬೇಲಿಯ ಬಾಗಿಲಿಗೆ ಬರುವಷ್ಟರಲ್ಲಿ ದಾರಿಯ ತುದಿಯ ಮಂಜಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಐಡೆಲ್. ಮೈ ತೂರಾಡುತ್ತಿತ್ತು, ಕಣ್ಣು ತೆರೆದಿದ್ದರೂ ಏನನ್ನೂ ನೋಡುತ್ತಿರಲಿಲ್ಲ. ಪುಸ್ತಕದ ಚೀಲವನ್ನು ಎದೆಗವಚಿಕೊಂಡಿದ್ದಳು. ಅವಳ ಒಂದು ಮಾರು ಮುಂದೆ ಬೂದು ಕೋಟಿನವಳು ನಡೆಯುತ್ತಿದ್ದಳು. ನಡೆದ ಹಾದಿಯ ಹುಲ್ಲು ಬಾಗುತ್ತಿರಲಿಲ್ಲ. ಅರ್ಜೆಲಾಳ ಅಂಗಳದ ಎದುರಿಗೆ ಬಂದು ಇಬ್ಬರೂ ನಿಂತರು. ಮುಂದಿನವಳು ದಾರಿ ಹೋಗುವ ಕಡೆಗೇ ಅರ್ಧ ತಿರುಗಿದಳು. ಇಲ್ಲಿಯೂ ಯಾರೂ ಕರೆಯುವುದಿಲ್ಲವೆಂದು ಗೊತ್ತಿದ್ದವಳಂತೆ. ಐಡೆಲ್ ಕೂಡ ಹಾಗೆಯೇ ತಿರುಗಿದಳು. ಮುಂದೆ ಮನೆಗಳಿರಲಿಲ್ಲ. ಹೊಳೆ ಇತ್ತು.

ಅರ್ಜೆಲಾ ಎಷ್ಟೋ ಹೆಣಗಳ ಕಣ್ಣು ಮುಚ್ಚಿದವಳು. ಆದರೆ ನಿಂತು ನೋಡುವ ಸಾವನ್ನು ಎಂದೂ ಮಾತಾಡಿಸಿರಲಿಲ್ಲ. ಬೇಲಿಯ ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದಳು.

"ಬನ್ನಿ," ಎಂದಳು. ಧ್ವನಿ ತನ್ನದೇ ಎಂದು ಅನಿಸಲಿಲ್ಲ. "ಇಬ್ಬರೂ ಒಳಗೆ ಬನ್ನಿ. ಇದೇ ನಿಮ್ಮ ವಾರದ ಮನೆ. ಇವತ್ತು ನನ್ನ ಸರದಿ."

ತಣ್ಣನೆಯದೊಂದು ಅವಳ ತೋಳು ಸವರಿಕೊಂಡು ಒಳಗೆ ಹೋಯಿತು, ಬಾವಿಯ ಬಾಯಿಗೆ ಬಗ್ಗಿದಾಗ ಮುಖಕ್ಕೆ ತಾಗುವಂಥ ತಂಪು. ಅದರ ಹಿಂದೆಯೇ ಐಡೆಲ್ ಎರಡು ಹೆಜ್ಜೆ ಇಟ್ಟು ಅವಳ ಮೇಲೆ ಕುಸಿದುಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು.

"ಅಳ್ಬೇಡ ಮಗಳೇ, ಬಂದ್ಯಲ್ಲ, ಬಂದ್ಬಿಟ್ಟೆಯಲ್ಲ," ಎನ್ನುತ್ತ ಅರ್ಜೆಲಾ ಅವಳನ್ನು ಎಳೆದುಕೊಂಡು ಹೋದಳು. ಅಳುತ್ತಿದ್ದವಳು ತಾನೇ ಎಂಬುದು ಅವಳಿಗೆ ತಿಳಿಯಲಿಲ್ಲ.

ಕೊಪ್ಪರಿಗೆಯ ಪಾಕ ಸೀದು ಕರಿ ಇದ್ದಿಲಾಯಿತು. ಅದರ ಕಮರು ವಾಸನೆ ಊರಿನ ಮೇಲೆ ಎರಡು ದಿನ ನಿಂತಿತ್ತು.

ಐಡೆಲ್‌ಳ ಜ್ವರ ಇಳಿಯಲು ಕ್ರಿಸ್‌ಮಸ್ ಕಳೆಯಬೇಕಾಯಿತು. ಅರ್ಜೆಲಾ ಪಕ್ಕದಲ್ಲಿ ಇನ್ನೊಂದು ಹಾಸಿಗೆ ಹಾಸಿದ್ದಳು, ಇನ್ನೊಂದು ತಟ್ಟೆ ಬಡಿಸುತ್ತಿದ್ದಳು. ನೋಡಲು ಬಂದವರು ಆ ತಟ್ಟೆ ನೋಡಿ ಹೊರಗೆ ಹೋಗುತ್ತಿದ್ದರು. ಹುಡುಗಿ ಹುಷಾರಾದ ಮೇಲೆ ಅರ್ಜೆಲಾ ಎಲ್ಲವನ್ನೂ ಹೇಳಿದಳು.

"ಹೋಗೋದಾದ್ರೆ ಹೋಗು. ಈನಕ್ ಗಾಡಿ ಕಟ್ತಾನೆ. ನಾನು ತಪ್ಪು ತಿಳಿಯೋದಿಲ್ಲ."

ಐಡೆಲ್ ಕೌದಿಯ ಅಂಚು ಹಿಸುಕಿದಳು. "ಅವರು ನನ್ನನ್ನ ಹೊಳೆಗೆ ಕರ್ಕೊಂಡು ಹೋಗ್ತಿದ್ರಾ ಅತ್ತೆ, ಇಲ್ಲಾ ಮನೆ ಹುಡುಕಿ ಕೊಡ್ತಿದ್ರಾ?"

"ನಂಗೊತ್ತಿಲ್ಲ ಮಗಳೇ."

"ನಂಗೂ ಗೊತ್ತಿಲ್ಲ. ಜ್ವರದಲ್ಲಿ ಅವರ ಹಿಂದೆ ಹೋದ್ರೆ ಸಾಕು ಅನ್ನಿಸ್ತಿತ್ತು." ಆಮೇಲೆ ಹೇಳಿದಳು, "ಇರ್ತೀನಿ. ಆದ್ರೆ ಚೀಲ ಹಿಡ್ಕೊಂಡು ಮನೆಮನೆ ಅಲೆಯೋದು ನನ್ನಿಂದಾಗಲ್ಲ."

ಮರುದಿನ, ಉಳಿದ ಕಬ್ಬು ಹೇರಿಕೊಂಡು ಬಂದ ಗಾಡಿಗಳು ಆಲೆಮನೆಯ ಬಾಗಿಲಲ್ಲೇ ನಿಂತವು. ಒಲೆಯಲ್ಲಿ ಬೆಂಕಿಯಿರಲಿಲ್ಲ. ಹೇಸರಗತ್ತೆ ಕೊಟ್ಟಿಗೆಯಲ್ಲಿತ್ತು. ಅರ್ಜೆಲಾ ಬೋರಲು ಹಾಕಿದ ಬಾನಿಯ ಮೇಲೆ ಕೂತಿದ್ದಳು.

"ಟೀಚರಿಗೊಂದು ಮನೆ ಏಳೋವರ್ಗೂ ಈ ಗಾಣ ತಿರುಗೋದಿಲ್ಲ," ಎಂದಳು.

"ಜೆಲ್ಲಕ್ಕ, ಕಬ್ಬು ಒಣಗಿ ಕಡ್ಡಿಯಾಗುತ್ತೆ!" ಎಂದ ಈನಕ್.

"ಆಗ್ಲಿ. ಮಕ್ಕಳಿಗೆ ಅಕ್ಷರ ಹೇಳೋಕೆ ಬಂದ ಹೆಣ್ಣುಮಗಳು ಬಾಗಿಲು ತಟ್ಟಿದ್ರೆ ಮಂಚದ ಕೆಳಗೆ ಸೇರ್ಕೊಳ್ಳೋ ಊರಿಗೆ ಸಿಹಿ ಯಾಕೆ?"

"ನನ್ನ ಪಾಕ ಸುಟ್ಟಿದ್ದಲ್ದೆ ನನ್ನೇ ಬೈತಾಳೆ ನೋಡಿ," ಎಂದಳು ಪರ್ಲೀ. ಆದರೆ ಮೊದಲು ಮುಂದೆ ಬಂದವಳೂ ಅವಳೇ. "ನಮ್ಮ ಹಿತ್ತಲಲ್ಲಿ ಎರಡು ದೊಡ್ಡ ಪೈನ್ ಮರ ಇವೆ. ಕಡ್ಕೊಂಡು ಹೋಗಿ. ಎಷ್ಟು ಕೋಣೆ ಮಾಡ್ತೀರಿ?"

"ಎರಡು," ಎಂದಳು ಅರ್ಜೆಲಾ.

ಎರಡು ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಫೆಬ್ರವರಿಯ ಹೊತ್ತಿಗೆ ಶಾಲೆಯ ಹಿಂದೆ ಮನೆ ಎದ್ದಿತು. ಗಂಡಸರು ಹಲಗೆ ಬಡಿದರು, ತಾಯಂದಿರ ಸಂಘ ಕೌದಿ ಹೊಲಿಯಿತು, ಪರ್ಲೀ ಒಂದು ಕನ್ನಡಿ ತಂದು ತೂಗುಹಾಕಿದಳು. ಮುಂದಿನ ಕೋಣೆ ಐಡೆಲ್‌ಳದು. ಹಿಂದಿನ ಕೋಣೆಯಲ್ಲೂ ಮಂಚ, ಕೌದಿ, ಕುರ್ಚಿ. ಶನಿವಾರ ಶನಿವಾರ ಅರ್ಜೆಲಾ ಹೋಗಿ ಗುಡಿಸಿ ಹಾಸಿಗೆ ಬದಲಾಯಿಸುತ್ತಿದ್ದಳು. ಹಾಸಿಗೆ ಪ್ರತಿ ವಾರವೂ ಬದಲಾಯಿಸುವಂತೆಯೇ ಇರುತ್ತಿತ್ತು. ಬೆಳಗಿನ ಮಂಜಿನಲ್ಲಿ ಐಡೆಲ್‌ಳ ಮುಂದೆ ಈಗಲೂ ಬೂದು ಬೆನ್ನು ಕಾಣುತ್ತಿತ್ತಂತೆ. ಆದರೆ ಅದು ಈಗ ಅವಸರದಲ್ಲಿರುತ್ತಿರಲಿಲ್ಲ.

ಮೇಲ್ವಿಚಾರಕ ಬೀಗ ಹಿಡಿದುಕೊಂಡೇ ಬಂದಿದ್ದ. ಕಾರಿನಿಂದ ಇಳಿಯದೆ ಮನೆಯನ್ನು ನೋಡಿದ, ಶಾಲೆಯಿಂದ ಬರುತ್ತಿದ್ದ ಮಕ್ಕಳ ಸದ್ದು ಕೇಳಿದ, ಬಾಗಿಲಲ್ಲಿ ನಿಂತು ಪಾಠ ಹೇಳುತ್ತಿದ್ದ ಐಡೆಲ್‌ಳನ್ನು ನೋಡಿದ. ಆಮೇಲೆ ಅವನ ಕಣ್ಣು ಮನೆಯ ಹಿಂದಿನ ಕಿಟಕಿಯ ಮೇಲೆ ನಿಂತಿತು.

"ಇಬ್ಬರು ಟೀಚರನ್ನ ಇಟ್ಕೊಂಡಿದ್ದೀರಾ? ಕೌಂಟಿ ಒಬ್ಬರಿಗೇ ಸಂಬಳ ಕೊಡೋದು, ಗೊತ್ತಿದೆ ತಾನೆ?"

ಈನಕ್‌ನ ಟೊಪ್ಪಿ ಕೈಯಿಂದ ಜಾರಿತು. ಅರ್ಜೆಲಾ ಕಿಟಕಿಯ ಕಡೆ ತಿರುಗಲಿಲ್ಲ.

"ಗೊತ್ತು ಸಾಹೇಬ್ರೆ. ಆಕೆ ಸಂಬಳ ಕೇಳೋಳಲ್ಲ. ಬಹಳ ವರ್ಷದಿಂದ ಇದ್ದಾಳೆ."

"ಅಂಥವರೇ ಒಳ್ಳೆಯವರು," ಎಂದು ಅವನು ನಕ್ಕ. ಕಾರು ಹೊರಡುವ ಮುಂಚೆ ಇನ್ನೊಮ್ಮೆ ಕಿಟಕಿ ನೋಡಿದ. ಈ ಸಲ ನಗಲಿಲ್ಲ. ಕತ್ತಿನ ಪಟ್ಟಿ ಸಡಿಲಿಸಿಕೊಂಡ. ಮುಂದೆ ಅವನು ಬ್ಯೂಲಾದ ಕಡೆ ಬರಲೇ ಇಲ್ಲ. ಶಾಲೆಗೆ ಬೀಗವೂ ಬೀಳಲಿಲ್ಲ.

ಲುವೀನಿಯಾ ಯಾವ ಊರಿನವಳೆಂದು ಕೂಡ ತಾವು ಕೇಳಿರಲಿಲ್ಲ ಎಂಬುದು ಅರ್ಜೆಲಾಳಿಗೆ ಹೊಳೆದದ್ದು ಆ ಬೇಸಗೆಯಲ್ಲಿ. ಐಡೆಲ್, ತನ್ನಂಥ ಟೀಚರುಗಳೆಲ್ಲ ಕಲಿತುಬರುತ್ತಿದ್ದ ಶಾಲೆಗೆ ಹೋಗಿ ಹಳೆಯ ಟೀಚರುಗಳನ್ನು ವಿಚಾರಿಸಿದಳು. ಜಾರ್ಜಿಯಾ ಕಡೆಯವಳು, ಒಬ್ಬ ತಮ್ಮ ಇದ್ದಾನೆ ಎಂದು ತಿಳಿಯಿತು. ಡೆಲ್ಮರ್ ಎಂದು ಅವನ ಹೆಸರು. ಹತ್ತಿ ಗಿರಣಿಯಲ್ಲಿ ಮೂಟೆ ಹೊರುವ, ಮಾತಿಲ್ಲದ ಮನುಷ್ಯ. ಹೇಳಿ ಕಳಿಸಿದಾಗ ಅವನು ಬಂದು ಅಕ್ಕನ ಸಮಾಧಿಯ ಮುಂದೆ ನಿಂತ. ಊರಿನ ಜನ ದೂರದಲ್ಲಿ ನಿಂತರು. ಪರ್ಲೀ ಹೋಗಿ ಅವನ ಕಾಲ ಬಳಿ ಕೂತು, "ತಪ್ಪಾಯ್ತಣ್ಣ, ಆ ವಾರ ನಮ್ಮದೇ ಇದ್ದಿರಬಹುದು," ಎಂದಳು. ಅವನು ತಲೆಯಾಡಿಸಿದ, ಅಷ್ಟೆ. ಆ ರಾತ್ರಿ ಅವನಿಗೆ ಹಿಂದಿನ ಕೋಣೆ ಕೊಟ್ಟರು. ಬೆಳಿಗ್ಗೆ ಕಾಫಿ ಕುಡಿಯುತ್ತ ಅವನು ಹೇಳಿದ್ದು ಒಂದೇ ಮಾತು:

"ಅಕ್ಕ ತುಂಬಾ ಇಳಿದುಹೋಗಿದ್ದಾಳೆ."

ಈನಕ್ ಅವನನ್ನು ನಿಲ್ದಾಣಕ್ಕೆ ಬಿಟ್ಟು ಬಂದವನು ಗಾಡಿ ಬಿಚ್ಚದೆ ನೇರ ಅರ್ಜೆಲಾಳ ಅಂಗಳಕ್ಕೆ ಬಂದ.

"ಜೆಲ್ಲಕ್ಕ, ನಾನು ಇಲ್ಲಿಂದ ಒಬ್ಬನನ್ನೇ ತಾನೆ ಕೂರಿಸ್ಕೊಂಡು ಹೋಗಿದ್ದು?"

"ಹೌದು."

"ರೈಲಿನ ಕೂಲಿ ಅವನಿಗೆ ಕೈ ಕೊಟ್ಟು ಹತ್ತಿಸ್ದ. ಆಮೇಲೆ ಕೆಳಗೇ ನಿಂತು ಇನ್ನೊಂದ್ಸಲ ಕೈ ಕೊಟ್ಟ. 'ಹುಷಾರು ಅಮ್ಮ, ಮೆಟ್ಟಿಲು ಎತ್ತರ ಇದೆ' ಅಂದ." ಈನಕ್ ಬೆವರು ಒರೆಸಿಕೊಂಡ. "ಅಲ್ಲಿ ಯಾರೂ ಇರ್ಲಿಲ್ಲ ಕಣಕ್ಕ."

ಅಂದು ಶನಿವಾರವಲ್ಲದಿದ್ದರೂ ಅರ್ಜೆಲಾ ಟೀಚರಮ್ಮನ ಮನೆಗೆ ಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದಳು. ಬರೀ ಕೋಣೆ. ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಹೊಸ ಹಲಗೆಯ ವಾಸನೆ ಬರುತ್ತಿತ್ತು. ಮಂಚದ ಅಂಚಿನಲ್ಲಿ ಕೂತಳು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸಿದ ಮಾರನೆಯ ದಿನ ತಾಯಿಗೆ ಕೈಗೆ ಕೆಲಸ ಸಿಕ್ಕದಂತಾಗುತ್ತದಲ್ಲ, ಹಾಗಾಯಿತು. ಸೆಪ್ಟೆಂಬರಿನಲ್ಲಿ ಐಡೆಲ್‌ಳ ಜೊತೆಗೆ ಓದಿದ ಹುಡುಗಿಯೊಬ್ಬಳು ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಬರುತ್ತೇನೆಂದು ಹೇಳಿ ಕಳಿಸಿದಳು. ಅವಳ ಸಂಬಳವನ್ನು ಊರೇ ಕೂಡಿಹಾಕಿ ಕೊಡುವುದೆಂದು ಚರ್ಚಿನಲ್ಲಿ ತೀರ್ಮಾನವಾಯಿತು. ಅರ್ಜೆಲಾ ಹಿಂದಿನ ಕೋಣೆಯ ಕೌದಿಯನ್ನು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಧೂಳು ಕೊಡವತೊಡಗಿದಳು.